ಊರಿನ ಚರಿತ್ರೆಯಲ್ಲಿ ನಮ್ಮ ಹಿರಿಯರ ಹೆಸರು

ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಪೇಟೆಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಘಾಟು, ಅನಂತರ ಕಣ್ಣು ಹಾಯುವವರೆಗೂ ಕೆಂಪು. ಖಾರ ಕಡಿಮೆಯಿದ್ದು ಬಣ್ಣ ಗಾಢವಾಗಿರುವ ಈ ಸುಕ್ಕುಗಟ್ಟಿದ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಊರಿನ ಹೆಸರು ಕಾಯಿಯ ಜೊತೆಗೆ ಲೋಕವನ್ನೆಲ್ಲ ಸುತ್ತಿದೆ. ಆದರೆ ಆ ಚೀಲಗಳನ್ನು ಹೊತ್ತ ಹಮಾಲರು, ತುಂಬು ಬಿಡಿಸುತ್ತ ಬದುಕು ಸವೆಸಿದ ಹೆಣ್ಣುಮಕ್ಕಳು, ಬಂಡಿ ಹೂಡಿದವರು ಯಾರು? ಎರಡು ತಲೆಮಾರಿನ ಹಿಂದಿನವರ ಹೆಸರನ್ನು ಕೇಳಿದರೆ ಅವರ ಮೊಮ್ಮಕ್ಕಳೂ ತಡವರಿಸುತ್ತಾರೆ.

ಇಂಗ್ಲೆಂಡಿನ ಹಳ್ಳಿಗಳ ಸ್ಥಿತಿ ಬೇರೆ. ಅಲ್ಲಿ 1538ರಲ್ಲಿ ಪ್ರತಿಯೊಂದು ಚರ್ಚೂ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ ಮತ್ತು ದಫನಗಳನ್ನು ದಾಖಲಿಸಬೇಕೆಂಬ ಆಜ್ಞೆ ಹೊರಟಿತು. ಅರಸನ ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ ಆ ದಫ್ತರಗಳೇ ಇಂದು ಬಡಗಿ, ಕಮ್ಮಾರ, ಕೂಲಿಯವರ ಚರಿತ್ರೆಗೆ ಆಧಾರವಾಗಿವೆ. ಡಬ್ಲ್ಯೂ. ಜಿ. ಹಾಸ್ಕಿನ್ಸ್ ಎಂಬ ವಿದ್ವಾಂಸರು 1955ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇಲಿ, ಹೊಲ, ಕಾಲುದಾರಿಗಳನ್ನೂ ಚರಿತ್ರೆಯ ಪುಟಗಳಂತೆ ಓದಿ ತೋರಿಸಿದರು. ಹೀಗಾಗಿ ಅಲ್ಲಿ ಸಾಮಾನ್ಯನೊಬ್ಬನು ನಾಲ್ಕು ಶತಮಾನದ ಹಿಂದಿನ ತನ್ನ ಹಿರಿಯನ ಸಮಾಧಿಯನ್ನು ಹುಡುಕಿ ಹೊರಡುವುದು ಅಚ್ಚರಿಯ ಸಂಗತಿಯಲ್ಲ.

ಇದು ಅನ್ಯರಿಂದ ಕಲಿಯಬೇಕಾದ ವಿದ್ಯೆಯೇ? ಖಂಡಿತ ಅಲ್ಲ. ಒಂದು ಮಾತು ಯಾರಿಂದ ಯಾರಿಗೆ ತಲುಪಿತು, ಅವರು ಎಲ್ಲಿ ವಾಸವಾಗಿದ್ದರು, ಎಷ್ಟು ವಿಶ್ವಾಸಾರ್ಹರು ಎಂಬುದನ್ನು ಪರಿಶೀಲಿಸದೆ ಹದೀಸ್ ವಿದ್ವಾಂಸರು ಅದನ್ನು ಸ್ವೀಕರಿಸುತ್ತಿರಲಿಲ್ಲ. ಇಬ್ನ್ ಸಅದ್‌ರ ಬೃಹತ್ ಚರಿತ್ರಕೋಶದಲ್ಲಿ ಮಹಿಳೆಯರಿಗೇ ಪ್ರತ್ಯೇಕ ಭಾಗವಿದೆ. 1071ರಲ್ಲಿ ನಿಧನರಾದ ಖತೀಬ್ ಅಲ್ ಬಗ್ದಾದಿಯವರು ತಮ್ಮ ನಗರದ ಚರಿತ್ರೆಯನ್ನು ಬರೆದಾಗ ಅದರಲ್ಲಿ ಸುಮಾರು 7,800 ಮಂದಿಯ ಪರಿಚಯವನ್ನು ಸೇರಿಸಿದರು. ಅವರ ದೃಷ್ಟಿಯಲ್ಲಿ ನಗರದ ಚರಿತ್ರೆಯೆಂದರೆ ಅಲ್ಲಿ ಬಾಳಿದವರ ಚರಿತ್ರೆ. ಅಂಥ ಪರಂಪರೆಯ ವಾರಸುದಾರರು ತಮ್ಮದೇ ಓಣಿಯ ಹಿರಿಯರನ್ನು ಮರೆತಿರುವುದು ವಿಷಾದನೀಯ.

ನಮ್ಮ ಸೀಮೆಯ ದೊಡ್ಡವರ ಹೆಸರುಗಳೇನೋ ಉಳಿದಿವೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಎಂದರೆ ಕನಕದಾಸರು. ಮೋಟೆಬೆನ್ನೂರು ಎಂದರೆ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವರು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಜನಿಸಿದ ಶರೀಫ ಸಾಹೇಬರು ಜನರ ನಾಲಿಗೆಯ ಮೇಲೆಯೇ ಉಳಿದುಬಂದರು. ಸವಣೂರಿನ ನವಾಬರ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತೆಂದು ಪುಸ್ತಕಗಳು ಹೇಳುತ್ತವೆ. ಆದರೆ ನವಾಬರ ಕುದುರೆಗೆ ಲಾಳ ಕಟ್ಟಿದವರು ಯಾರು?

ಉತ್ತರದ ಒಂದು ಎಳೆ ನಮ್ಮ ಅಡ್ಡಹೆಸರುಗಳಲ್ಲಿಯೇ ಇದೆ. ನಾಲಬಂದ ಎಂದರೆ ಲಾಳ ಕಟ್ಟುವವನು. ನದಾಫ ಮತ್ತು ಪಿಂಜಾರ ಎಂದರೆ ಅರಳೆ ಹಿಂಜುವವರು. ಅತ್ತಾರ ಅತ್ತರು ಮಾರಿದವನು, ಬಾಗವಾನ ತೋಟ ನೋಡಿಕೊಂಡು ಹಣ್ಣು ಮಾರಿದವನು, ತಾಂಬೋಳಿ ಎಲೆ ಅಡಿಕೆಯ ವ್ಯಾಪಾರಿ, ಶಿಕಲಗಾರ ಕತ್ತಿಗೆ ಸಾಣೆ ಹಿಡಿದವನು, ಕಿಲ್ಲೇದಾರ ಕೋಟೆ ಕಾಯ್ದವನು. ಶಾಲೆಯ ಹಾಜರಿಯಲ್ಲಿ ದಿನವೂ ಕೂಗುವ ಈ ಹೆಸರುಗಳ ಅರ್ಥವನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ. ಇವು ಕೀಳರಿಮೆಯ ಗುರುತುಗಳಲ್ಲ. ಊರನ್ನು ಕಟ್ಟಿದ ಕೈಗಳ ದಾಖಲೆಗಳು.

ಹಾವೇರಿಯ ಏಲಕ್ಕಿ ಮಾಲೆಯನ್ನು ನೋಡಿರಿ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿ ತೊಳೆದು, ಬಿಳುಪುಗೊಳಿಸಿ ಮಾರುತ್ತಿದ್ದ ಕಾಲವೊಂದಿತ್ತು. ಆ ವ್ಯಾಪಾರದ ಕಂಪನ್ನು ಇಂದಿಗೂ ಉಳಿಸಿರುವುದು ಏಲಕ್ಕಿಯನ್ನು ರೇಷ್ಮೆಯೊಡನೆ ಪೋಣಿಸುವ ಪಟವೇಗಾರರ ಬೆರಳುಗಳು. ಗಣ್ಯರ ಕೊರಳಿಗೆ ಬೀಳುವ ಹಾವೇರಿಯ ಹೆಮ್ಮೆ ಮುಸ್ಲಿಮ್ ಮನೆಯ ಪಡಸಾಲೆಯಲ್ಲಿ ಸಿದ್ಧವಾಗುತ್ತದೆ. 2023ರ ಜನವರಿಯಲ್ಲಿ ಅದೇ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಮುಸ್ಲಿಮ್ ಬರಹಗಾರರಿಗೆ ತಕ್ಕ ಸ್ಥಾನ ದೊರೆಯಲಿಲ್ಲವೆಂಬ ಅಸಮಾಧಾನ ನಾಡಿನಾದ್ಯಂತ ಕೇಳಿಬಂತು. ಆ ಅಸಮಾಧಾನ ನ್ಯಾಯವಾದುದೇ. ಆದರೆ ನಮ್ಮವರ ಪಾಲನ್ನು ನಾವೇ ಬರೆದಿಡದಿದ್ದರೆ, ಇತರರು ಮರೆತರೆಂದು ದೂರುವ ಮಾತಿಗೆ ಬಲವೆಲ್ಲಿಂದ ಬಂದೀತು?

ಮರೆವಿನ ಬೆಲೆ ದೊಡ್ಡದು. 2024ರ ಅಕ್ಟೋಬರ್ ಕೊನೆಯಲ್ಲಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಆಸ್ತಿಗಳು ವಕ್ಫ್ ಪಾಲಾಗುತ್ತವೆಂಬ ವದಂತಿ ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲುಗಳು ಬಿದ್ದವು. ಯಾವ ಜಾಗ ಯಾರದು, ಯಾರು ಯಾವ ಉದ್ದೇಶಕ್ಕೆ ಕೊಟ್ಟರು ಎಂಬ ತಿಳಿವಳಿಕೆ ಊರಿಗೆಲ್ಲ ಸಮಾನವಾಗಿ ಇಲ್ಲದಾಗ ಆ ತೆರವನ್ನು ವದಂತಿ ತುಂಬುತ್ತದೆ. ತಲೆಮಾರುಗಳಿಂದ ಒಂದೇ ಬಾವಿಯ ನೀರು ಕುಡಿದವರು ಒಂದೇ ರಾತ್ರಿಯಲ್ಲಿ ಅಪರಿಚಿತರಾಗುತ್ತಾರೆ. ಪ್ರಾಮಾಣಿಕವಾದ ಸ್ಥಳೀಯ ಚರಿತ್ರೆ ನೆರೆಹೊರೆಯ ಸಂಬಂಧಕ್ಕೂ ಒಂದು ಕಾವಲು.

ಇದಕ್ಕೆ ವಿಶ್ವವಿದ್ಯಾಲಯದ ಪದವಿ ಬೇಕಿಲ್ಲ. ಇಂಗ್ಲೆಂಡಿನ ಚರ್ಚಿನ ದಫ್ತರಕ್ಕೆ ಸಮಾನವಾದುದು ನಮ್ಮ ಜಮಾಅತಿನ ನಿಕಾಹ್ ದಫ್ತರ. ವಧೂವರರ ಹೆಸರು, ತಂದೆಯ ಹೆಸರು, ಸಾಕ್ಷಿಗಳು, ಮಹ್ರ್ ಎಲ್ಲವೂ ಅದರಲ್ಲಿರುತ್ತವೆ. ಬೇರಾವ ಕಾಗದದಲ್ಲಿಯೂ ಹೆಸರು ಕಾಣದ ಎಷ್ಟೋ ಅಜ್ಜಿಯರು ಅಲ್ಲಿ ತಮ್ಮ ಹೆಸರಿನಿಂದಲೇ ಇದ್ದಾರೆ. ಆ ಹಳೆಯ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವ ಮೊದಲು ಅವುಗಳ ಪುಟಗಳ ಚಿತ್ರ ತೆಗೆದಿಡಿರಿ. ಖಬರಸ್ತಾನದ ಕಲ್ಲುಗಳ ಬರಹವನ್ನು ಮಳೆ ಅಳಿಸುವ ಮುನ್ನ ನಕಲು ಮಾಡಿಕೊಳ್ಳಿರಿ. ಬರುವ ಶುಕ್ರವಾರ ನಮಾಝ್ ಮುಗಿಸಿ ಬಂದ ಬಳಿಕ ಮನೆಯ ಹಿರಿಯರ ಬಳಿ ಕುಳಿತು, ಅವರ ಅಜ್ಜಿಯ ಹೆಸರೇನು, ಅವರು ಯಾವ ಊರಿನಿಂದ ಬಂದವರು, ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿರಿ. ತಿಳಿಯದ್ದನ್ನು ಕಲ್ಪಿಸಿ ಸೇರಿಸಬೇಡಿರಿ, ಯಾರನ್ನೂ ನವಾಬರ ವಂಶಕ್ಕೆ ಸೇರಿಸಲು ಹೊರಡಬೇಡಿರಿ. ಅರಳೆ ಹಿಂಜಿದವನನ್ನು ಅರಳೆ ಹಿಂಜಿದವನೆಂದೇ ಬರೆಯಿರಿ.

ಖಬರಸ್ತಾನದ ಭೇಟಿ ಪರಲೋಕವನ್ನು ನೆನಪಿಸುತ್ತದೆಂದು ನಮಗೆ ಕಲಿಸಲಾಗಿದೆ. ಅಲ್ಲಿ ಮಲಗಿರುವವರಿಗಾಗಿ ನಾವು ದುಆ ಮಾಡುತ್ತೇವೆ. ಅವರ ಹೆಸರುಗಳನ್ನು ಅಲ್ಲಾಹನು ಬಲ್ಲನು. ಅವುಗಳನ್ನು ತಿಳಿದುಕೊಳ್ಳಬೇಕಾದವರು, ಅವರು ಕಟ್ಟಿದ ಊರಿನಲ್ಲಿ ಬದುಕುತ್ತಿರುವ ನಾವು.