ಒಂದು ಫ್ರಾಂಕಿಗೆ ಮರಳಿ ಬಂದ ಹೆಸರು

1997ರಲ್ಲಿ ಫ್ಯಾಷನ್ ಲೋಕದಲ್ಲೊಂದು ವಿಚಿತ್ರ ವ್ಯಾಪಾರ ನಡೆಯಿತು. ಜಗತ್ತಿನ ಅತಿ ಪ್ರಸಿದ್ಧ ವಸ್ತ್ರವಿನ್ಯಾಸಕರಲ್ಲಿ ಒಬ್ಬನೆನಿಸಿದ್ದ ಕಾರ್ಲ್ ಲಾಗರ್‌ಫೆಲ್ಡ್, ತನ್ನದೇ ಹೆಸರು ಹೊತ್ತಿದ್ದ ಉಡುಪು ಕಂಪೆನಿಯನ್ನು ಅದರ ಅಂದಿನ ಮಾಲೀಕರಿಂದ ಮರಳಿ ಕೊಂಡುಕೊಂಡ. ಕೊಟ್ಟ ಬೆಲೆ, ಸಾಂಕೇತಿಕವಾಗಿ, ಒಂದೇ ಒಂದು ಫ್ರಾಂಕ್! ನಷ್ಟದ ಬಾಬತ್ತು ಎಂದು ಮಾಲೀಕರು ಕೈತೊಳೆದುಕೊಂಡಿದ್ದರು. ಅದೇ ಹೊತ್ತಿಗೆ ಇದೇ ಮನುಷ್ಯ ಚಿತ್ರ ಬರೆದುಕೊಟ್ಟ ಕೋಟುಗಳಿಗಾಗಿ, ಕೈಚೀಲಗಳಿಗಾಗಿ ಶ್ರೀಮಂತ ಹೆಂಗಸರು ಶನೆಲ್ ಅಂಗಡಿಗಳ ಮುಂದೆ ಸಾಲುಗಟ್ಟುತ್ತಿದ್ದರು. ಪರರ ಹೆಸರಿನಲ್ಲಿ ಮುಟ್ಟಿದ್ದೆಲ್ಲ ಚಿನ್ನ, ಸ್ವಂತ ಹೆಸರಿನಲ್ಲಿ ಮಾತ್ರ ಒಂದು ಫ್ರಾಂಕ್. ಇದು ಹೇಗಾಯಿತು?

ಲಾಗರ್‌ಫೆಲ್ಡ್‌ನ ಹೆಸರು ಗೊತ್ತಿಲ್ಲದವರಿಗೂ ಆತನ ಆಕಾರ ಗೊತ್ತು. ಬಿಳಿ ಪೌಡರ್ ಮೆತ್ತಿದ ಜುಟ್ಟು, ಹಗಲಿರುಳೂ ತೆಗೆಯದ ಕಪ್ಪು ಕನ್ನಡಕ, ಗದ್ದಕ್ಕೆ ತಾಗುವಷ್ಟು ಎತ್ತರದ ಬಿಳಿ ಕಾಲರ್, ಬೆರಳ ತುದಿ ಕತ್ತರಿಸಿದ ಚರ್ಮದ ಕೈಗವಸು, ಬೆರಳು ತುಂಬ ಬೆಳ್ಳಿ ಉಂಗುರ. ಅದಕ್ಕೂ ಹಿಂದಿನ ದಶಕಗಳಲ್ಲಿ ಕೈಯಲ್ಲೊಂದು ಬೀಸಣಿಗೆ. ಈ ಆಕಾರ ತಂಪು ಪಾನೀಯದ ಬಾಟಲಿಯ ಮೇಲೆ ಅಚ್ಚಾಯಿತು, ಮಕ್ಕಳಾಡುವ ಕರಡಿ ಗೊಂಬೆಯಾಯಿತು. ಆತನ ಹೆಸರಿನ ಬಟ್ಟೆ ಮಾರಾಟವಾಗದಿದ್ದರೇನಂತೆ, ಆತನ ಮುಖವೇ ಮಾರಾಟವಾಗುತ್ತಿತ್ತು.

ಈ ಜುಟ್ಟಿನ ಮೂಲ ಜರ್ಮನಿಯಲ್ಲಿದೆ. ಲಾಗರ್‌ಫೆಲ್ಡ್ ಹುಟ್ಟಿದ್ದು ಹ್ಯಾಂಬರ್ಗ್‌ನಲ್ಲಿ, 1933ರ ಸೆಪ್ಟೆಂಬರ್ 10ರಂದು. ಆತ ಹೇಳಿಕೊಳ್ಳುತ್ತಿದ್ದುದು ಮಾತ್ರ 1938 ಎಂದು, ಕೆಲವೊಮ್ಮೆ 1935 ಎಂದು. ಜರ್ಮನ್ ಪತ್ರಿಕೆಗಳು ದಾಖಲೆ ಕೆದಕಿ ತೋರಿಸಿದ ಮೇಲೂ ಆತನೇನೂ ನಾಚಿಕೊಳ್ಳಲಿಲ್ಲ. ತಂದೆ ಓಟೊ ಡಬ್ಬಿ ಹಾಲಿನ ವ್ಯಾಪಾರಿ. ‘ಗ್ಲುಕ್ಸ್‌ಕ್ಲೇ’ ಎಂಬ ಆತನ ಹಾಲಿನ ಡಬ್ಬಿ ಜರ್ಮನಿಯ ಮನೆಮನೆಗಳಲ್ಲಿತ್ತು. ಯುದ್ಧಕಾಲದಲ್ಲಿ ಕುಟುಂಬ ಬಾಂಬು ಬೀಳುವ ಹ್ಯಾಂಬರ್ಗ್ ಬಿಟ್ಟು, ಉತ್ತರಕ್ಕಿರುವ ಬಾಡ್ ಬ್ರಾಮ್‌ಸ್ಟೆಟ್ ಎಂಬ ಸಣ್ಣ ಊರಿನ ಬಳಿಯ ತನ್ನ ಎಸ್ಟೇಟಿನಲ್ಲಿತ್ತು. ತಾಯ್ತಂದೆಯರಿಬ್ಬರೂ ನಾತ್ಸಿ ಪಕ್ಷದ ಸದಸ್ಯರಾಗಿದ್ದರೆಂಬುದನ್ನು ಜೀವನಚರಿತ್ರೆಕಾರರು ಹೊರತೆಗೆದಿದ್ದಾರೆ. ಮಗ ಆ ಕಾಲದ ಬಗ್ಗೆ ಹೆಚ್ಚು ಮಾತಾಡಿದವನಲ್ಲ. ಹುಟ್ಟಿದ ವರ್ಷವನ್ನು ಮುಂದಕ್ಕೆ ತಳ್ಳಿದ್ದಕ್ಕೆ ಬರಿಯ ಯೌವನದ ಆಸೆಯೊಂದೇ ಕಾರಣವೆ ಎಂಬ ಅನುಮಾನ ಹುಟ್ಟುವುದು ಇಲ್ಲಿ. 1933 ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವಲ್ಲವೆ?

ತಾಯಿ ಎಲಿಜಬೆತ್ ಮಾತಿನಲ್ಲಿ ಬಲು ಕಟು. ಪಿಯಾನೊ ನುಡಿಸುತ್ತಿದ್ದ ಮಗನ ಕೈ ಮೇಲೆಯೇ ಮುಚ್ಚಳ ಬಡಿದು, ಚಿತ್ರ ಬರೆ, ಅದರಿಂದ ಸದ್ದು ಕಡಿಮೆ ಎಂದಿದ್ದಳಂತೆ. ಈ ಕತೆಯನ್ನು ಆತ ನಗುನಗುತ್ತಲೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾನೆ. ಹುಡುಗ ಚಿತ್ರ ಬರೆದ. ಹ್ಯಾಂಬರ್ಗ್‌ನ ಅಂಗಡಿಯೊಂದರಲ್ಲಿ ಒಮ್ಮೆ ಜರ್ಮನ್ ಚಿತ್ರಕಾರ ಮೆಂಜೆಲ್‌ನ ಪ್ರಸಿದ್ಧ ಚಿತ್ರದ ಪ್ರತಿ ಕಣ್ಣಿಗೆ ಬಿತ್ತು. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ತನ್ನ ಅರಮನೆಯಲ್ಲಿ ಫ್ರೆಂಚ್ ಪಂಡಿತರೊಂದಿಗೆ ಊಟಕ್ಕೆ ಕುಳಿತ ದೃಶ್ಯ ಅದು. ಎಲ್ಲರ ತಲೆ ಮೇಲೂ ಬಿಳಿ ಪುಡಿ ಹಚ್ಚಿದ ಟೋಪನ್, ಹಿಂದೆ ಜುಟ್ಟು. ಅದೇ ಬೇಕೆಂದು ಹಟ ಹಿಡಿದು ಕ್ರಿಸ್‌ಮಸ್ ಉಡುಗೊರೆಯಾಗಿ ಪಡೆದ. ಸುತ್ತ ಹಸು, ಹುಲ್ಲು, ಕೆಸರು. ಹುಡುಗನ ಕೋಣೆಯ ಗೋಡೆ ಮೇಲೆ 18ನೆಯ ಶತಮಾನದ ಅರಮನೆ! ಮುಂದೆ ತಾನೇ ಆ ಚಿತ್ರದೊಳಗೆ ಹೋಗಿ ಕುಳಿತವನಂತೆ ತಲೆಗೆ ಪೌಡರ್ ಮೆತ್ತಿಕೊಂಡು ಬದುಕಿದ.

ಬಾಡಿಗೆಯ ಕೈ

1952ರಲ್ಲಿ ಆತ ಪ್ಯಾರಿಸ್ ಸೇರಿದ. ಯುದ್ಧ ಮುಗಿದು ಏಳು ವರ್ಷವಾಗಿತ್ತಷ್ಟೆ. ಜರ್ಮನ್ ಉಚ್ಚಾರಣೆ ಕಿವಿಗೆ ಬಿದ್ದರೆ ಫ್ರೆಂಚರು ಮುಖ ಗಂಟಿಕ್ಕುತ್ತಿದ್ದ ಕಾಲ. ಎರಡು ವರ್ಷಗಳ ನಂತರ, 1954ರಲ್ಲಿ, ಅಂತಾರಾಷ್ಟ್ರೀಯ ಉಣ್ಣೆ ಸಂಸ್ಥೆಯ ವಿನ್ಯಾಸ ಸ್ಪರ್ಧೆ ನಡೆಯಿತು. ಕೋಟಿನ ವಿಭಾಗದಲ್ಲಿ ಬಹುಮಾನ ಲಾಗರ್‌ಫೆಲ್ಡ್‌ಗೆ, ಉಡುಪಿನ ವಿಭಾಗದಲ್ಲಿ ಈವ್ ಸ್ಯಾನ್ ಲೊರಾನ್ ಎಂಬ ನಾಚಿಕೆ ಸ್ವಭಾವದ ಹದಿನೆಂಟರ ಹುಡುಗನಿಗೆ. ಇಬ್ಬರೂ ಗೆಳೆಯರಾದರು. ದಾರಿಗಳು ಮಾತ್ರ ಬೇರೆಯಾದವು. ಸ್ಯಾನ್ ಲೊರಾನ್ 21ನೆಯ ವಯಸ್ಸಿಗೇ ಡಿಯೊರ್ ಸಂಸ್ಥೆಯ ಮುಖ್ಯ ವಿನ್ಯಾಸಕನಾಗಿ, ಕೆಲವೇ ವರ್ಷಗಳಲ್ಲಿ ತನ್ನದೇ ಹೆಸರಿನ ಮನೆ ಕಟ್ಟಿದ. ಫ್ರಾನ್ಸ್ ಅವನನ್ನು ಪ್ರತಿಭೆಯ ಅವತಾರವೆಂದು ಹೊತ್ತು ಮೆರೆಸಿತು. ಲಾಗರ್‌ಫೆಲ್ಡ್ ಮೊದಲು ಬಾಲ್ಮ್ಯಾನ್ ಬಳಿ ಸಹಾಯಕನಾದ, 1958ರಲ್ಲಿ ಪತೂ ಸಂಸ್ಥೆ ಸೇರಿದ. ಅಲ್ಲಿನ ಮೊದಲ ಪ್ರದರ್ಶನ ಪತ್ರಕರ್ತರಿಗೆ ಹಿಡಿಸಲಿಲ್ಲ.

ಬೇರೆ ಯಾರೇ ಆಗಿದ್ದರೂ ಸಾಲ ಮಾಡಿಯಾದರೂ ಸ್ವಂತ ಅಂಗಡಿ ತೆರೆಯಲು ಹೆಣಗುತ್ತಿದ್ದರು. ಈತ ಮಾಡಿದ್ದು ಅದಕ್ಕೆ ತೀರ ವಿರುದ್ಧ. ಕರೆದವರಿಗೆಲ್ಲ ಚಿತ್ರ ಬರೆದುಕೊಡುವ ‘ಬಾಡಿಗೆಯ ಕೈ’ ಆದ. ಪಾದರಕ್ಷೆಯವರಿಗೆ, ಸ್ವೆಟರಿನವರಿಗೆ, ರೋಮ್‌ನ ಉಡುಪು ಸಂಸ್ಥೆಗೆ. ದೊಡ್ಡ ಕುಲದ ದರ್ಜಿಗಳು ಮೂಗು ಮುರಿಯುತ್ತಿದ್ದ ಸಿದ್ಧ ಉಡುಪಿಗೂ ಕೈಹಾಕಿದ. 1964ರಲ್ಲಿ, ಈಜಿಪ್ಟಿನಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಬಂದ ಗ್ಯಾಬಿ ಅಘಿಯೊನ್ ಎಂಬ ಮಹಿಳೆ ಸ್ಥಾಪಿಸಿದ್ದ ಕ್ಲೊಯೆ ಸಂಸ್ಥೆಗೆ ಕೆಲಸ ಆರಂಭಿಸಿದ. 1965ರಲ್ಲಿ ರೋಮ್‌ನ ಫೆಂಡಿ ಸಹೋದರಿಯರು ಕರೆದರು. ಐವರು ಸೋದರಿಯರು, ಮನೆತನದ ಕಸುಬು ತುಪ್ಪಳದ ಕೋಟು. ಅಜ್ಜಿಯರು ತೊಡುವ ಭಾರದ ತುಪ್ಪಳವನ್ನು ಈತ ಕತ್ತರಿಸಿದ, ಬಣ್ಣ ಹಾಕಿದ, ಬಟ್ಟೆಯಂತೆ ಹಗುರ ಮಾಡಿದ. ಎರಡು ‘ಎಫ್’ ಅಕ್ಷರಗಳನ್ನು ತಲೆಕೆಳಗು ಜೋಡಿಸಿದ ಲಾಂಛನವನ್ನು ಕೆಲವೇ ಸೆಕೆಂಡುಗಳಲ್ಲಿ ಗೀಚಿಕೊಟ್ಟನೆಂದು ಪ್ರತೀತಿ. ಫೆಂಡಿಯೊಂದಿಗಿನ ಈ ಸಂಬಂಧ ಸಾಯುವವರೆಗೆ, ಅಂದರೆ 54 ವರ್ಷ ನಡೆಯಿತು. ಪ್ರಾಣಿದಯೆಯವರು ಎಷ್ಟೇ ಧಿಕ್ಕಾರ ಕೂಗಿದರೂ ತುಪ್ಪಳವನ್ನು ಆತ ಬಿಡಲಿಲ್ಲ.

ಶನೆಲ್ ಮನೆಯಲ್ಲಿ ಜರ್ಮನ್

ಕೊಕೊ ಶನೆಲ್ ತೀರಿಕೊಂಡದ್ದು 1971ರ ಜನವರಿಯಲ್ಲಿ. ಬಳಿಕ ಆ ಮನೆ ಅತ್ತರಿನ ಬಲದ ಮೇಲೆ ಉಸಿರಾಡುತ್ತಿತ್ತು. ಉಡುಪುಗಳೋ, ಕೊಕೊ ಬಿಟ್ಟುಹೋದುದರ ನಕಲುಗಳು; ತೊಡುವವರು ವಯಸ್ಸಾದ ಹೆಂಗಸರು. ಮಾಲೀಕ ಅಲೆನ್ ವರ್ಥೈಮರ್ 1982ರಲ್ಲಿ ಲಾಗರ್‌ಫೆಲ್ಡ್‌ನನ್ನು ಕರೆಸಿಕೊಂಡಾಗ, ಆ ಹೆಣವನ್ನು ಮುಟ್ಟಬೇಡವೆಂದು ಹಿತೈಷಿಗಳು ಹೇಳಿದ್ದರಂತೆ. 1983ರ ಜನವರಿಯಲ್ಲಿ ಆತನ ಮೊದಲ ಶನೆಲ್ ಪ್ರದರ್ಶನ ನಡೆಯಿತು.

ಫ್ರೆಂಚರ ಪಾಲಿಗೆ ಶನೆಲ್ ಎಂದರೆ ರಾಷ್ಟ್ರೀಯ ಸ್ವತ್ತು. ಅದನ್ನು ಜರ್ಮನನೊಬ್ಬನಿಗೆ ಒಪ್ಪಿಸುವುದೆ ಎಂಬ ಗೊಣಗಾಟ ಎದ್ದದ್ದು ಸಹಜ. ಆದರೆ ಗೊಣಗಿದವರು ಸ್ವಲ್ಪ ಹಿಂದಿನ ಚರಿತ್ರೆ ನೆನೆಯಬೇಕಿತ್ತು. ನಾತ್ಸಿಗಳು ಪ್ಯಾರಿಸ್ ಆಕ್ರಮಿಸಿದ್ದ ದಿನಗಳಲ್ಲಿ ಕೊಕೊ ಶನೆಲ್ ರಿಟ್ಜ್ ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಯೊಬ್ಬನ ಸಂಗಾತಿಯಾಗಿದ್ದಳು. ಯಹೂದ್ಯರ ಆಸ್ತಿ ಕಸಿಯುವ ಕಾನೂನನ್ನು ಬಳಸಿಕೊಂಡು, ಅಮೆರಿಕಕ್ಕೆ ಓಡಿಹೋಗಿದ್ದ ಯಹೂದಿ ಪಾಲುದಾರರ ಕೈಯಿಂದ ಅತ್ತರಿನ ಕಂಪೆನಿಯನ್ನು ಕಿತ್ತುಕೊಳ್ಳಲೂ ಯತ್ನಿಸಿದ್ದಳು. ಯತ್ನ ಕೈಗೂಡಲಿಲ್ಲ. ಆ ಪಾಲುದಾರರೇ ವರ್ಥೈಮರ್ ಕುಟುಂಬ! ಅದೇ ಕುಟುಂಬದ ಮೊಮ್ಮಗ ಕೊಕೊಳ ಮನೆ ಉಳಿಸಲು ನಾತ್ಸಿ ಕಾಲದಲ್ಲಿ ಹುಟ್ಟಿದ ಜರ್ಮನನನ್ನು ನೇಮಿಸಿದ. ವ್ಯಾಪಾರಕ್ಕೆ ನೆನಪು ಕಡಿಮೆ ಎನ್ನಬೇಕೊ, ಅಥವಾ ಲೆಕ್ಕ ಚೆನ್ನಾಗಿ ಗೊತ್ತು ಎನ್ನಬೇಕೊ?

ಲಾಗರ್‌ಫೆಲ್ಡ್ ಅಲ್ಲಿ ಮಾಡಿದ್ದು ಒಂದು ಬಗೆಯ ಭಾಷಾಂತರ. ಕೊಕೊಳ ಶಬ್ದಕೋಶದಲ್ಲಿ ಕೆಲವೇ ಪದಗಳಿದ್ದವು: ಒರಟು ನೇಯ್ಗೆಯ ಟ್ವೀಡ್ ಕೋಟು, ಮುತ್ತಿನ ಸರ, ಬಂಗಾರ ಬಣ್ಣದ ಸರಪಳಿ, ಕ್ಯಾಮೆಲಿಯ ಹೂವು, ಎರಡು ‘ಸಿ’ ಅಕ್ಷರಗಳು. ಈತ ಅವನ್ನು ಬಿಸಾಡಲಿಲ್ಲ, ಪೂಜೆಯನ್ನೂ ಮಾಡಲಿಲ್ಲ. ಟ್ವೀಡ್ ಕೋಟಿಗೆ ಜೀನ್ಸ್ ಪ್ಯಾಂಟು ಜೋಡಿಸಿದ. ಸರಪಳಿಯನ್ನು ದಪ್ಪ ಮಾಡಿ ಸೊಂಟಕ್ಕೆ ಸುತ್ತಿದ. ಕೊಕೊ ಸಂಕೋಚದಿಂದ ಗುಂಡಿಯ ಮೇಲೆ ಇಟ್ಟಿದ್ದ ಎರಡು ‘ಸಿ’ಗಳನ್ನು ಅಂಗೈ ಅಗಲಕ್ಕೆ ಹಿಗ್ಗಿಸಿದ. ಅಜ್ಜಿಯ ಪೆಟ್ಟಿಗೆಯ ಒಡವೆಯನ್ನು ಮೊಮ್ಮಗಳು ಕಾಲೇಜಿಗೆ ತೊಟ್ಟುಕೊಂಡು ಹೋದಂತೆ. ಅಭಿರುಚಿಗೆಟ್ಟದ್ದು ಎಂದು ಹಲವರು ಬೈದರು. ಬೈದವರ ಮಕ್ಕಳು ಕೊಂಡರು. ಇಂದು ಮುಚ್ಚಿಹೋದ, ಮಂಕಾದ ಹಳೆಯ ಉಡುಪು ಸಂಸ್ಥೆಗಳೆಲ್ಲ ಹೊಸ ವಿನ್ಯಾಸಕನನ್ನು ತಂದು ಮರುಜೀವ ಕೊಡಿಸುತ್ತವಲ್ಲ, ಆ ದಾರಿಗೆ ದೊಡ್ಡ ಮಾದರಿ ಇದೇ.

ಆತ ಹೊಲಿಯುತ್ತಿದ್ದವನಲ್ಲ, ಬರೆಯುತ್ತಿದ್ದವನು. ಮುಂಜಾನೆ ಬಿಳಿ ನಿಲುವಂಗಿ ತೊಟ್ಟು ಮನೆಯಲ್ಲೇ ಕುಳಿತು ರಾಶಿ ರಾಶಿ ಚಿತ್ರ ಗೀಚುತ್ತಿದ್ದ. ಆ ಗೆರೆಗಳಲ್ಲಿ ಮಡಿಕೆ ಎಲ್ಲಿ, ಹೊಲಿಗೆ ಎಲ್ಲಿ ಎಂದು ಓದಿ ತಿಳಿಯಬಲ್ಲ ಹಿರಿಯ ಹೊಲಿಗೆಯ ಹೆಂಗಸರು ಶನೆಲ್ ಮನೆಯಲ್ಲಿದ್ದರು. ಪ್ಯಾರಿಸ್ಸಿನ ಕಸೂತಿಯವರು, ಗರಿ ಜೋಡಿಸುವವರು, ಗುಂಡಿ ಮಾಡುವವರು ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತಿದ್ದಾಗ ಶನೆಲ್ ಆ ಕಸುಬಿನ ಮನೆಗಳನ್ನು ಕೊಂಡು ಉಳಿಸಿತು. 2002ರಿಂದ ಅವರ ಕೈಚಳಕ ತೋರಿಸಲೆಂದೇ ಪ್ರತಿವರ್ಷ ಬೇರೆಯೊಂದು ಪ್ರದರ್ಶನ ಶುರುವಾಯಿತು. ಲಾಗರ್‌ಫೆಲ್ಡ್‌ನ ಜುಟ್ಟು, ಕನ್ನಡಕ ಮರೆತರೂ ಇದೊಂದನ್ನು ಮರೆಯಬಾರದು.

ಈ ಪ್ರದರ್ಶನಗಳಲ್ಲೊಂದರ ಹೆಸರು ‘ಪ್ಯಾರಿಸ್-ಬಾಂಬೆ’. 2011ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಗ್ರ್ಯಾಂಡ್ ಪ್ಯಾಲೆ ಭವನ ಮಹಾರಾಜರ ಭೋಜನಶಾಲೆಯಾಯಿತು. ಉದ್ದನೆಯ ಮೇಜಿನ ಮೇಲೆ ಪುಟ್ಟ ಆಟಿಕೆ ರೈಲು ಓಡುತ್ತಿತ್ತು. ಗ್ವಾಲಿಯರ್ ಅರಮನೆಯ ಬೆಳ್ಳಿ ರೈಲು ಕಂಡವರಿಗೆ ಅದು ನೆನಪಾಗದಿರದು. ರೂಪದರ್ಶಿಯರ ಮೈಮೇಲೆ ನೆಹರೂ ಕಾಲರಿನ ಕೋಟು, ಹಣೆಗೆ ಬೈತಲೆ ಬೊಟ್ಟು. ಅಲ್ಲಿದ್ದ ಭಾರತ ಅರಮನೆಯ ಭಾರತ, ಪುಸ್ತಕಗಳಲ್ಲಿ ಕಂಡ ಭಾರತ. ಪುಸ್ತಕದಲ್ಲಿ ಕಂಡದ್ದನ್ನು ಬಟ್ಟೆಗೆ ಇಳಿಸುವ ಈ ಚಟ ಹಿಂದೊಮ್ಮೆ ಆತನನ್ನು ದೊಡ್ಡ ಪೇಚಿಗೆ ಸಿಕ್ಕಿಸಿತ್ತು. 1994ರ ಜನವರಿಯ ಪ್ರದರ್ಶನದಲ್ಲಿ ಕ್ಲಾಡಿಯಾ ಶಿಫರ್ ತೊಟ್ಟ ಉಡುಪಿನ ಎದೆಯ ಮೇಲೆ ಮುತ್ತಿನ ಕಸೂತಿಯಲ್ಲಿ ಅರಬ್ಬೀ ಅಕ್ಷರಗಳಿದ್ದವು. ತಾಜ್‌ಮಹಲ್ ಕುರಿತ ಪುಸ್ತಕದಿಂದ ಎತ್ತಿಕೊಂಡದ್ದು, ಪ್ರೇಮದ ಕವಿತೆ ಎಂದುಕೊಂಡಿದ್ದೆ ಎಂಬುದು ಆತನ ವಿವರಣೆ. ಅದು ಕುರಾನಿನ ಸಾಲಾಗಿತ್ತು! ಇಂಡೊನೇಷ್ಯದ ಉಲೇಮಾಗಳಿಂದ ಮೊದಲುಗೊಂಡು ಪ್ರತಿಭಟನೆ ಎದ್ದಿತು. ಶನೆಲ್ ಕ್ಷಮೆ ಕೇಳಿತು, ಆ ಉಡುಪುಗಳನ್ನು ನಾಶಮಾಡಿತು, ಛಾಯಾಗ್ರಾಹಕರಿಗೆ ನೆಗೆಟಿವ್ ನಾಶಮಾಡಿರೆಂದು ಕೋರಿತು. ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟವನು ಅಕ್ಷರವನ್ನು ಬರಿಯ ಚಿತ್ತಾರವೆಂದು ನೋಡಿದ್ದರ ಫಲ.

ನಾಲಗೆಯೂ ಅಷ್ಟೇ ಹರಿತ, ತಾಯಿಯಿಂದ ಬಂದ ಆಸ್ತಿ. ಶನೆಲ್‌ನ ಮುಖವಾಗಿದ್ದ ರೂಪದರ್ಶಿ ಇನೆಸ್ ದ ಲಾ ಫ್ರೆಸಾಂಜ್ 1989ರಲ್ಲಿ ಫ್ರೆಂಚ್ ಗಣರಾಜ್ಯದ ಸಂಕೇತ ಮರಿಯಾನ್ ಪ್ರತಿಮೆಗೆ ಮಾದರಿಯಾಗಿ ಆಯ್ಕೆಯಾದಾಗ, ಸ್ಮಾರಕಕ್ಕೆ ಉಡುಪು ತೊಡಿಸುವುದು ತನ್ನ ಕೆಲಸವಲ್ಲವೆಂದು ಆಕೆಯನ್ನು ದೂರ ಮಾಡಿದ. 2012ರಲ್ಲಿ ಗಾಯಕಿ ಅಡೆಲ್ ತುಸು ದಪ್ಪ ಎಂದು ಹೇಳಿ ಬೈಸಿಕೊಂಡ. 2017ರಲ್ಲಿ ಜರ್ಮನಿ ನಿರಾಶ್ರಿತರಿಗೆ ಬಾಗಿಲು ತೆರೆದ ಬಗ್ಗೆ ಫ್ರೆಂಚ್ ಟೀವಿಯಲ್ಲಿ ಆಡಿದ ಮಾತು ಬರಿಯ ಚೇಷ್ಟೆಯಾಗಿರಲಿಲ್ಲ. ಪ್ರಸಾರ ನಿಯಂತ್ರಣ ಸಂಸ್ಥೆಗೆ ನೂರಾರು ದೂರು ಹೋದವು. ದಪ್ಪಗಿರುವವರನ್ನು ಹಂಗಿಸುತ್ತಿದ್ದ ಈತ ಸ್ವತಃ ಒಂದು ಕಾಲಕ್ಕೆ ದಢೂತಿಯಾಗಿದ್ದ. ಸಪೂರ ಸೂಟು ತೊಡುವ ಆಸೆಗೆ 13 ತಿಂಗಳಲ್ಲಿ 42 ಕಿಲೊ ಇಳಿಸಿ, ಆ ಕುರಿತು ಪುಸ್ತಕವನ್ನೂ ತಂದ.

ಆ ದಪ್ಪದ ಹಿಂದೆ ದುಃಖವಿತ್ತು. ಸುಮಾರು ಎರಡು ದಶಕ ಜೊತೆಗಿದ್ದ ಸಂಗಾತಿ ಜಾಕ್ ದ ಬಾಶೆ 1989ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಕೊನೆಯ ದಿನಗಳಲ್ಲಿ ಲಾಗರ್‌ಫೆಲ್ಡ್ ಆಸ್ಪತ್ರೆಯ ಆ ಕೋಣೆಯಲ್ಲೇ ಮಡಚುವ ಮಂಚ ಹಾಕಿಕೊಂಡು ಮಲಗುತ್ತಿದ್ದ. ಆ ಮೇಲೆ ಯಾರನ್ನೂ ಅಷ್ಟು ಹತ್ತಿರ ಬಿಟ್ಟುಕೊಂಡಂತಿಲ್ಲ, 2011ರಲ್ಲಿ ಬಂದ ಶುಪೆಟ್ ಎಂಬ ಬೆಕ್ಕಿನ ಹೊರತು. ಬೆಕ್ಕಿಗೆ ಆರೈಕೆಯ ಆಳುಗಳು, ಜಾಹೀರಾತಿನ ಸಂಪಾದನೆ! ನಗುವವರು ನಕ್ಕರು.

ಒಂದು ಫ್ರಾಂಕಿಗೆ ಬಂದ ಆ ಹೆಸರು 2004ರಲ್ಲಿ ಕೊನೆಗೂ ಬೆಲೆ ಕಂಡಿತು. ಸ್ವೀಡನ್ನಿನ ಎಚ್ ಅಂಡ್ ಎಂ ಎಂಬ ಅಗ್ಗದ ಉಡುಪಿನ ಅಂಗಡಿಗಳಿಗೆ ತನ್ನ ಹೆಸರಿನಲ್ಲಿ ಬಟ್ಟೆ ವಿನ್ಯಾಸ ಮಾಡಿಕೊಟ್ಟ. ನವೆಂಬರ್ 12ರಂದು ಬಾಗಿಲು ತೆರೆದದ್ದೇ ತಡ, ಹಲವು ನಗರಗಳಲ್ಲಿ ಸರಕು ಗಂಟೆಗಳಲ್ಲೇ ಖಾಲಿ. ದೊಡ್ಡ ವಿನ್ಯಾಸಕರು ಸಾಮಾನ್ಯರ ಅಂಗಡಿಗೆ ಇಳಿಯುವ ರೂಢಿಗೆ ಅದು ನಾಂದಿ. ಅದೇ ವರ್ಷದ ಕೊನೆಗೆ ಆತ ಆ ಹೆಸರನ್ನು ಅಮೆರಿಕದ ಟಾಮಿ ಹಿಲ್ಫಿಗರ್ ಸಂಸ್ಥೆಗೆ ಮಾರಿಬಿಟ್ಟ. ಶನೆಲ್ ಮತ್ತು ಫೆಂಡಿಯ ಕೆಲಸ ಮಾತ್ರ ಬಿಡಲಿಲ್ಲ. ಪ್ರದರ್ಶನಗಳು ನಾಟಕದ ಸೀನುಗಳಂತೆ ಬೆಳೆದವು: 2007ರಲ್ಲಿ ಚೀನಾದ ಮಹಾಗೋಡೆಯ ಮೇಲೆ ಫೆಂಡಿ, 2010ರಲ್ಲಿ ಸ್ವೀಡನ್ನಿನಿಂದ ತರಿಸಿದ ಹಿಮಬಂಡೆಗಳ ನಡುವೆ ಶನೆಲ್, 2014ರಲ್ಲಿ ಗ್ರ್ಯಾಂಡ್ ಪ್ಯಾಲೆಯೇ ಒಂದು ಸೂಪರ್‌ಮಾರ್ಕೆಟ್.

2019ರ ಜನವರಿಯ ಪ್ರದರ್ಶನದ ಕೊನೆಗೆ ವಂದಿಸಲು ಆತ ಬರಲಿಲ್ಲ. ಫೆಬ್ರುವರಿ 19ರಂದು ತೀರಿಕೊಂಡ, ದಾಖಲೆಯ ಪ್ರಕಾರ 85ನೆಯ ವಯಸ್ಸಿನಲ್ಲಿ. ಎರಡು ವಾರಗಳ ಬಳಿಕ, ಮಾರ್ಚ್ 5ರಂದು, ಆತ ಸಿದ್ಧಪಡಿಸಿದ್ದ ಕೊನೆಯ ಶನೆಲ್ ಉಡುಪುಗಳು ಗ್ರ್ಯಾಂಡ್ ಪ್ಯಾಲೆಯಲ್ಲಿ ಕೃತಕ ಹಿಮ ಸುರಿಸಿ ನಿರ್ಮಿಸಿದ್ದ ಆಲ್ಪ್ಸ್ ಹಳ್ಳಿಯೊಂದರಲ್ಲಿ ಹೊರಬಂದವು. ಮೊದಲಿಗೆ ಒಂದು ನಿಮಿಷದ ಮೌನ. ಕೆಲವು ರೂಪದರ್ಶಿಯರು ಅಳುತ್ತಲೇ ನಡೆದರು. ಬಂದವರ ಆಸನಗಳ ಮೇಲೆ ಆತ ಬರೆದ ಒಂದು ರೇಖಾಚಿತ್ರವನ್ನು ಇರಿಸಲಾಗಿತ್ತು. ಅದರಲ್ಲಿ ಜುಟ್ಟಿನ ಮನುಷ್ಯ, ಪಕ್ಕದಲ್ಲಿ ಕೊಕೊ ಶನೆಲ್.