ಬಣ್ಣ ಕಟ್ಟಿಕೊಂಡ ತೂತು

ಮಂಚಿಕೇರಿಯ ಬಳಿ ಬೇಡ್ತಿ ಎನಿಸಿಕೊಳ್ಳುವ ಹೊಳೆ ಘಟ್ಟ ಇಳಿದ ಮೇಲೆ ಗಂಗಾವಳಿಯಾಗಿ ಅಂಕೋಲೆ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಅಲ್ಲಿಂದ ಉತ್ತರಕ್ಕೆ ಕಾರವಾರದ ದಾರಿ ಹಿಡಿದರೆ ಸಿಗುವುದು ನೌಕಾನೆಲೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗಾಗಿ ಅರ್ಗಾ, ಬಿಣಗಾ, ಚೆಂಡಿಯಾದಂಥ ಊರಿನವರು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದರು. 2005ರ ಮೇ 31ರಂದು ನೆಲೆ ಶುರುವಾದಾಗ ಅದಕ್ಕೆ ಬಂದದ್ದು ಬನವಾಸಿಯ ಕದಂಬರ ಹೆಸರು: ಐಎನ್‌ಎಸ್ ಕದಂಬ. ಹೆಸರಾದರೂ ಘಟ್ಟದ ಮೇಲಿನದು ಎಂದು ಶಿರಸಿ ಸೀಮೆಯವರು ಸಮಾಧಾನಪಟ್ಟುಕೊಳ್ಳಬಹುದು.

ಹಡಗುಗಳು ಇಲ್ಲಿಗೆ ತಂಗಲಷ್ಟೇ ಬರುವುದಿಲ್ಲ, ದುರಸ್ತಿಗೂ ಬರುತ್ತವೆ. 10,000 ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಮೇಲೆತ್ತಿ ಒಣನೆಲಕ್ಕೆ ಸರಿಸುವ ಶಿಪ್‌ಲಿಫ್ಟ್ ಇಲ್ಲಿದೆ. ಸಬ್‌ಮರೀನ್‌ಗಳೂ ಬಂದುಹೋಗುತ್ತವೆ. 2022ರ ಮೇ 27ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಐಎನ್‌ಎಸ್ ಖಂಡೇರಿಯಲ್ಲಿ ಕೂತು ನೀರಿನಡಿಗೆ ಹೋಗಿಬಂದದ್ದು ಕಾರವಾರದಿಂದಲೇ.

ಡೀಸೆಲ್ ಸಬ್‌ಮರೀನಿನ ಜೀವ ಇರುವುದು ಬ್ಯಾಟರಿಯಲ್ಲಿ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಕಾಣದ ಮಲೆನಾಡಿನ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವುದು ಮರೆತರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಅದೇ ಜಾತಿಯ ಸೀಸ-ಆಮ್ಲದ ಬ್ಯಾಟರಿಗಳು ಸಿಂಧುಘೋಷ್ ವರ್ಗದ ಒಂದೊಂದು ಸಬ್‌ಮರೀನಿನಲ್ಲಿ ನೂರಾರು ಇರುತ್ತವೆ. ಚಾರ್ಜ್ ಆಗುವಾಗ ಅವು ಹೈಡ್ರೋಜನ್ ಬಿಡುತ್ತವೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ದಾಟಿದರೆ ಒಂದು ಕಿಡಿ ಸಾಕು.

ಐಎನ್‌ಎಸ್ ಸಿಂಧುರಕ್ಷಕದಲ್ಲಿ 2010ರ ಫೆಬ್ರವರಿಯಲ್ಲಿ ಆದದ್ದು ಅದೇ. ವಿಶಾಖಪಟ್ಟಣದಲ್ಲಿ ನಿಂತಿದ್ದಾಗ ಬ್ಯಾಟರಿ ಕೋಣೆಯಲ್ಲಿ ಹೈಡ್ರೋಜನ್ ಸಿಡಿದು ಒಬ್ಬ ನಾವಿಕ ಸತ್ತ. ರಷ್ಯಾದಲ್ಲಿ ದೊಡ್ಡ ದುರಸ್ತಿ ಮುಗಿಸಿಕೊಂಡು ಅದು ಮರಳಿದ್ದು 2013ರಲ್ಲಿ. ಆ ವರ್ಷದ ಆಗಸ್ಟ್ 14ರ ನಡುರಾತ್ರಿ ಮುಂಬೈ ಧಕ್ಕೆಯಲ್ಲಿ ಕಟ್ಟಿದ್ದಲ್ಲೇ ಅದರೊಳಗಿನ ಮದ್ದುಗುಂಡು ಸ್ಫೋಟಿಸಿತು. 18 ಮಂದಿ ಹೊರಗೆ ಬರಲಿಲ್ಲ.

ಆರು ತಿಂಗಳಿಗೆ ಇನ್ನೊಂದು. 2014ರ ಫೆಬ್ರವರಿ 26ರಂದು, ದುರಸ್ತಿಯಾದ ಮೇಲಿನ ಪರೀಕ್ಷೆಗೆಂದು ಮುಂಬೈಯಾಚೆ ಹೋಗಿದ್ದ ಐಎನ್‌ಎಸ್ ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತರು. ಬ್ಯಾಟರಿಗಳ ಅವಧಿಯೇ ಮುಗಿದಿತ್ತೆಂದು ಪತ್ರಿಕೆಗಳು ಬರೆದವು. ತನಿಖೆ ಕೇಬಲ್ಲಿನ ಕಡೆ ಬೆರಳು ಮಾಡಿತು. ಎರಡರಲ್ಲಿ ಯಾವುದಾದರೂ ಅದು ಶತ್ರುವಿನ ಕೆಲಸವಂತೂ ಆಗಿರಲಿಲ್ಲ. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ಅದೇ ದಿನ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಸರ್ಕಾರ ಅದನ್ನು ಅಂದೇ ಒಪ್ಪಿಕೊಂಡ ಅವಸರ ನೋಡಿದರೆ, ಹೊಣೆ ಹೊರಲು ಒಬ್ಬರು ಸಿಕ್ಕರೆಂದು ದಿಲ್ಲಿಯಲ್ಲಿ ಉಳಿದವರು ಹಗುರಾದಂತೆ ಕಾಣುತ್ತದೆ.

ಇಂಥ ಸಾವುಗಳ ಹಿಂದಿನ ತಪ್ಪು ಎಷ್ಟು ಸಣ್ಣದಿರಬಹುದು ಎಂಬುದಕ್ಕೆ ಬ್ರಿಟನ್ನಿನ ಥೀಟಿಸ್ ಎಂಬ ಸಬ್‌ಮರೀನ್ ಸಾಕ್ಷಿ. ಟಾರ್ಪಿಡೊ ಕೊಳವೆಯ ಒಳಬಾಗಿಲಲ್ಲಿ ಒಂದು ಪುಟ್ಟ ನಲ್ಲಿ ಇರುತ್ತದೆ. ಅದನ್ನು ತಿರುಗಿಸಿದಾಗ ನೀರು ಚಿಮ್ಮಿದರೆ ಕೊಳವೆ ತುಂಬಿದೆ, ಬಾಗಿಲು ತೆರೆಯಬಾರದು ಎಂದು ಅರ್ಥ. 1939ರ ಜೂನ್ 1ರಂದು, ಹೊಸ ಸಬ್‌ಮರೀನಿನ ಪರೀಕ್ಷೆಯ ದಿನ, ಐದನೇ ಕೊಳವೆಯ ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಬಾಗಿಲು ತೆರೆದರು, ಸಮುದ್ರವೇ ಒಳಗೆ ನುಗ್ಗಿತು. ಹಡಗುಕಟ್ಟೆಯಲ್ಲಿ ಒಳಗೆ ಬಣ್ಣ ಹೊಡೆಯುವಾಗ ನಲ್ಲಿಯ ತೂತೇ ಕಟ್ಟಿಹೋಗಿತ್ತು, ಯಾರೂ ಕೆರೆದು ನೋಡಿರಲಿಲ್ಲ. ಸತ್ತವರು 99, ಬದುಕಿ ಬಂದವರು 4. ಸತ್ತವರಲ್ಲಿ ಪರೀಕ್ಷೆ ನೋಡಲು ಬಂದಿದ್ದ ಹಡಗುಕಟ್ಟೆಯ ಕೆಲಸಗಾರರೂ ಇದ್ದರು.

ಅಮೆರಿಕ 1963ರ ಏಪ್ರಿಲ್ 10ರಂದು ಥ್ರೆಶರ್ ಎಂಬ ಅಣುಶಕ್ತಿ ಸಬ್‌ಮರೀನನ್ನೂ 129 ಜನರನ್ನೂ ಕಳೆದುಕೊಂಡಿತು. ಉಪ್ಪುನೀರಿನ ಪೈಪಿನ ಬೆಸುಗೆ ಬಿಟ್ಟಿರಬೇಕೆಂದು ತನಿಖೆ ಹೇಳಿತು. ಅದಕ್ಕೂ ಮೊದಲು ಕೆಲವು ಬೆಸುಗೆಗಳನ್ನು ಪರೀಕ್ಷಿಸಿ ನೋಡಿದಾಗ ಶೇ. 14ರಷ್ಟು ಕಳಪೆಯೆಂದು ತಿಳಿದಿತ್ತು. ಉಳಿದವನ್ನು ನೋಡಲು ಪುರಸೊತ್ತಾಗಲಿಲ್ಲ. ಆಮೇಲೆ ಬಂದ ಸಬ್‌ಸೇಫ್ ಪದ್ಧತಿಯಲ್ಲಿ ಸುರಕ್ಷತೆಗೆ ಬೇಕಾದ ಪ್ರತಿ ಕವಾಟ, ಪ್ರತಿ ಬೆಸುಗೆಗೆ ಸಹಿ ಹಾಕಿದ ದಾಖಲೆ ಇರಬೇಕು. ಸಬ್‌ಸೇಫ್ ಪ್ರಮಾಣಪತ್ರ ಪಡೆದ ಒಂದು ಸಬ್‌ಮರೀನೂ ಈವರೆಗೆ ಮುಳುಗಿಲ್ಲ.

ಕಾರವಾರವೂ ತನ್ನ ಪಾಲಿನ ಸಾವು ಕಂಡಿದೆ. 2016ರ ಜೂನ್ 10ರಂದು ದುರಸ್ತಿಯಲ್ಲಿದ್ದ ವಿಮಾನವಾಹಕ ವಿಕ್ರಮಾದಿತ್ಯದ ಮಲಿನ ನೀರು ಶುದ್ಧೀಕರಣ ಘಟಕದಲ್ಲಿ ವಿಷಾನಿಲ ಸೋರಿ ಇಬ್ಬರು ಸತ್ತರು: ಒಬ್ಬ ನಾವಿಕ, ಇನ್ನೊಬ್ಬ ಗುತ್ತಿಗೆ ಕಂಪನಿಯ ಕೆಲಸಗಾರ. 2019ರ ಏಪ್ರಿಲ್ 26ರಂದು ಅದೇ ಹಡಗು ಕಾರವಾರ ಬಂದರಿಗೆ ಬರುತ್ತಿದ್ದಾಗ ಬೆಂಕಿ ಬಿತ್ತು. ಆರಿಸಲು ಮುಂದಾಳಾಗಿ ನುಗ್ಗಿದ ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಹೊಗೆಯಿಂದ ಎಚ್ಚರ ತಪ್ಪಿ, ಕಾರವಾರದ ನೌಕಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅದಕ್ಕೆ ಎರಡು ವರ್ಷ ಮೊದಲೇ ಮಹಾಲೇಖಪಾಲರ ವರದಿ ಸಂಸತ್ತಿನ ಮುಂದೆ ಬಂದಿತ್ತು. 2007-08ರಿಂದ 2015-16ರವರೆಗೆ ನೌಕಾಪಡೆಯಲ್ಲಿ 38 ಅಪಘಾತ, 33 ಸಾವು ಎಂದು ಅದು ಲೆಕ್ಕ ಕೊಟ್ಟಿತು. ಸುರಕ್ಷತೆ ನೋಡಿಕೊಳ್ಳಲೆಂದೇ ಒಂದು ಸಂಸ್ಥೆಯನ್ನು ನೌಕಾಪಡೆ ಕಟ್ಟಿಕೊಂಡದ್ದು 2014ರಲ್ಲಿ. ವರದಿ ಬರೆಯುವ ಹೊತ್ತಿಗೂ ಅದಕ್ಕೆ ಸರ್ಕಾರದ ಮಂಜೂರಾತಿ ಸಿಕ್ಕಿರಲಿಲ್ಲ.