ಬಸುರಿಯ ವಾಕರಿಕೆಗೆ ನಾಲಿಗೆಯ ಮೇಲೆ ಕರಗುವ ಮದ್ದು

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಅಲ್ಲಿನ ಹೆಂಗಸರಿಗೆ ಹೊಸದಲ್ಲ. ಆದರೆ ಬಸಿರಾದ ಮೊದಲ ತಿಂಗಳುಗಳಲ್ಲಿ ಒಗ್ಗಿದ ವಾಸನೆಯೂ ಹೊಟ್ಟೆ ತೊಳಸುತ್ತದೆ. ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಈ ಕಾಟ ಉಂಟು. ಹುಣಸೆ, ಶುಂಠಿಗೆ ಬಗ್ಗದಿದ್ದರೆ ಮಾತ್ರೆ. ಅದನ್ನು ನುಂಗಲು ಕುಡಿದ ನೀರೇ ಎಷ್ಟೋ ಸಲ ವಾಂತಿಯಾಗಿ ಹೊರಬರುತ್ತದೆ.

ಇದಕ್ಕೆ ಹಳೆಯ ಮದ್ದು ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ (ಬಿ6 ಜೀವಸತ್ವ) ಜೋಡಿ. 1956ರಲ್ಲಿ ಅಮೆರಿಕದಲ್ಲಿ 'ಬೆಂಡೆಕ್ಟಿನ್' ಹೆಸರಿನಲ್ಲಿ ಬಂದಾಗ ಇದರ ಜೊತೆ ಮೂರನೆಯ ಔಷಧವೂ ಇತ್ತು. ಶಿಶುವಿಗೆ ಅಂಗವೈಕಲ್ಯ ತರುತ್ತದೆಂಬ ಮೊಕದ್ದಮೆಗಳ ಸುರಿಮಳೆಗೆ ಬೇಸತ್ತು ಕಂಪನಿ 1983ರಲ್ಲಿ ಅದನ್ನು ಹಿಂತೆಗೆಯಿತು. ಆರೋಪ ವಿಜ್ಞಾನದಲ್ಲಿ ನಿಲ್ಲಲಿಲ್ಲ. 2013ರಲ್ಲಿ ಅದೇ ಜೋಡಿಗೆ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು. ಬಸುರಿಯರು ನುಂಗಿ ಶಿಶುಗಳಿಗೆ ಅಂಗವೈಕಲ್ಯ ತಂದ ಥಾಲಿಡೊಮೈಡ್ ಮಾತ್ರೆಯ ದುರಂತದ ನೆರಳು ಬಸುರಿಯರ ಔಷಧಗಳ ಮೇಲೆ ಅಷ್ಟು ದೀರ್ಘವಾಗಿತ್ತು.

ನುಂಗುವ ಮಾತ್ರೆಯ ಬದಲು ನೀರಿಲ್ಲದೆ ನಾಲಿಗೆಯ ಮೇಲೆ ಕರಗುವ ಹಾಳೆ ಬಂದದ್ದು ಬೇರೆ ದಾರಿಯಿಂದ. 2001ರಲ್ಲಿ ಅದು ಬಾಯಿಯ ದುರ್ವಾಸನೆ ಕಳೆಯುವ ಪಟ್ಟಿಯಾಗಿ ಜನಪ್ರಿಯವಾಯಿತು. 2010ರಲ್ಲಿ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಮದ್ದಿನ ಹಾಳೆ 'ಜುಪ್ಲೆನ್ಜ್' ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದು ಕೀಮೊಥೆರಪಿ, ಶಸ್ತ್ರಚಿಕಿತ್ಸೆಗಳ ನಂತರದ ವಾಂತಿಗೆ, ಬಸುರಿಯರಿಗಲ್ಲ. ಗರ್ಭಿಣಿಯರಲ್ಲಿ ಒಂಡಾನ್ಸೆಟ್ರಾನ್ ಬಳಕೆ ಕುರಿತು 2018ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಹತ್ತು ಸಾವಿರ ಹೆರಿಗೆಗೆ ಸುಮಾರು 3 ಸೀಳುತುಟಿ-ಸೀಳಂಗಳದ ಪ್ರಕರಣ ಹೆಚ್ಚೆಂದು ಕಂಡಿತು. ಅಪಾಯ ಸಣ್ಣದು, ಆದರೂ ಯುರೋಪಿನ ನಿಯಂತ್ರಕರು ಮೊದಲ ಮೂರು ತಿಂಗಳು ಬೇಡವೆಂದರು.

ಕರ್ನಾಟಕದಲ್ಲಿ ಇಂಥ ಹಾಳೆ ಮಾಡುವ ಕೆಲಸ ಹೆಚ್ಚಾಗಿ ಎಂ.ಫಾರ್ಮ್ ವಿದ್ಯಾರ್ಥಿಗಳ ಪ್ರಬಂಧಗಳದ್ದು. ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಎಂಬ ಪಾಲಿಮರನ್ನು ನೀರಿನಲ್ಲಿ ಕದಡಿ, ಮೆದುವಾಗಲು ಗ್ಲಿಸರಿನ್, ಕಹಿ ಮರೆಸಲು ಸಿಹಿ, ಆಮೇಲೆ ಮದ್ದು ಸೇರಿಸಿ, ಪೆಟ್ರಿ ತಟ್ಟೆಗೆ ಹೊಯ್ದು ಒಣಗಿಸಿದರೆ ಹಾಳೆ ಸಿದ್ಧ. ಮುರಿಯುವವರೆಗೂ ಮಡಚುತ್ತಾರೆ, ಎಷ್ಟು ಸೆಕೆಂಡಿಗೆ ಕರಗಿತೆಂದು ನೋಡುತ್ತಾರೆ. ಮದ್ದು ಯಕೃತ್ತನ್ನು ತಪ್ಪಿಸಿ ಬಾಯಿಂದ ನೇರ ರಕ್ತಕ್ಕೆ ಸೇರುತ್ತದೆಂಬ ವಾಕ್ಯವೂ ಹಲವು ಪ್ರಬಂಧಗಳಲ್ಲಿ ಇದ್ದೇ ಇರುತ್ತದೆ. ಅದನ್ನು ನಾನು ಸುಲಭಕ್ಕೆ ನಂಬಲಾರೆ: ಕೆಲವೇ ಸೆಕೆಂಡಿನಲ್ಲಿ ಕರಗಿದ ಮದ್ದು ಬಹುಪಾಲು ಎಂಜಲಿನ ಜೊತೆ ಹೊಟ್ಟೆಗೇ ಇಳಿಯುತ್ತದೆ. ಜುಪ್ಲೆನ್ಜ್‌ಗೆ ಅನುಮತಿ ಸಿಕ್ಕಿದ್ದೂ ಬಾಯಲ್ಲಿ ಕರಗುವ ಮಾತ್ರೆಗೆ ಸಮವೆಂದು ತೋರಿಸಿ. ಆ ಬಗೆಯ ಮಾತ್ರೆ ಗೌರಿಬಿದನೂರು, ಚಿಂತಾಮಣಿಯ ಮೆಡಿಕಲ್ ಸ್ಟೋರುಗಳಿಗೂ ಹೊಸತಲ್ಲ.

ಶಿಡ್ಲಘಟ್ಟದ ರೇಷ್ಮೆಯಿಂದಲೇ ಹಾಳೆ ಮಾಡಬಾರದೇಕೆ ಎಂದು ಕೇಳಬಹುದು. ರೇಷ್ಮೆಯ ಫೈಬ್ರೊಯಿನ್ ಪ್ರೋಟೀನಿನ ಪದರ ಮದ್ದನ್ನು ನಿಧಾನಕ್ಕೆ ಬಿಡಲು ಹೆಸರುವಾಸಿ; ಇಲ್ಲಿ ಬೇಕಾದ್ದು ಅದಕ್ಕೆ ತದ್ವಿರುದ್ಧ.

ಬಸುರಿಯರ ಹಳೆಯ ಜೋಡಿಮದ್ದಿನ ಮಾತ್ರೆಯಲ್ಲಿ ಡಾಕ್ಸಿಲಮಿನ್, ಪಿರಿಡಾಕ್ಸಿನ್ ತಲಾ 10 ಮಿಲಿಗ್ರಾಂ. ಒಂದು ಹಾಳೆಯಲ್ಲಿ ಹಿಡಿಯುವಷ್ಟೇ. ತೊಡಕಿರುವುದು ಸಮಯದ್ದು. ಮೂಲ ಮಾತ್ರೆಯನ್ನು ರಾತ್ರಿ ನುಂಗಿದರೆ ಬೆಳಗಿಗೆ ಕೆಲಸ ಮಾಡಲೆಂದು ತಡವಾಗಿ ಕರಗುವ ಲೇಪನ ಕೊಟ್ಟಿದ್ದಾರೆ, ಹಾಳೆಗೆ ಆ ತಾಳ್ಮೆ ಇಲ್ಲ. ಹಾಗಾಗಿ ಅದನ್ನು ಯಾವ ಹೊತ್ತಿಗೆ, ಎಷ್ಟು ಸಲ ಕೊಡಬೇಕೆಂಬುದನ್ನು ಗರ್ಭಿಣಿಯರಲ್ಲೇ ಪರೀಕ್ಷಿಸಿ ತಿಳಿಯಬೇಕು. ಪ್ರಬಂಧಗಳು ಸಾಮಾನ್ಯವಾಗಿ ಬೀಕರಿನ ಬಳಿಯೇ ನಿಂತುಬಿಡುತ್ತವೆ.